ಫಿಸಿಕ್ಸ್ ಓದಬೇಕು, ಸರಿ. ಆದರೆ ಯಾವ ಫಿಸಿಕ್ಸ್?

ಇಂಜಿನಿಯರಿಂಗ್ ಬೇಡ, ಫಿಸಿಕ್ಸೇ ಓದುತ್ತೇನೆ ಎಂದು ಹಟ ಹಿಡಿಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮನೆಯಲ್ಲಿ ಹಟ ಗೆದ್ದ ಮೇಲೆ ನಿಜವಾದ ತಲೆಬಿಸಿ ಶುರುವಾಗುವುದು ಯುಯುಸಿಎಂಎಸ್ ಪೋರ್ಟಲ್ ಮುಂದೆ (ರಾಜ್ಯದ ಪದವಿ ಕಾಲೇಜುಗಳ ಪ್ರವೇಶದ ಜಾಲತಾಣ) ಕುಳಿತಾಗ. ಫಿಸಿಕ್ಸ್-ಕೆಮಿಸ್ಟ್ರಿ-ಮ್ಯಾಥ್ಸ್ ಬೇಕೋ, ಫಿಸಿಕ್ಸ್-ಮ್ಯಾಥ್ಸ್-ಎಲೆಕ್ಟ್ರಾನಿಕ್ಸ್ ಬೇಕೋ, ಫಿಸಿಕ್ಸ್-ಮ್ಯಾಥ್ಸ್-ಕಂಪ್ಯೂಟರ್ ಸೈನ್ಸ್ ಬೇಕೋ? ಧಾರವಾಡದ ಕಾಲೇಜೋ, ಹುಬ್ಬಳ್ಳಿ ವಿದ್ಯಾನಗರದ ಕಾಲೇಜೋ, ಇಲ್ಲ ಗದಗ, ಹಾವೇರಿಯಲ್ಲೇ ಇರುವುದೋ? ಇದರ ನಡುವೆ ಮೊಬೈಲ್‌ಗೆ ಬೆಂಗಳೂರಿನ ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಜಾಹೀರಾತು ಬರುತ್ತದೆ. ಅಲ್ಲಿ ಬಿಎಸ್ಸಿ ಆಸ್ಟ್ರೋಫಿಸಿಕ್ಸ್, ನ್ಯಾನೋ ಟೆಕ್ನಾಲಜಿ, ಕ್ವಾಂಟಮ್ ಅಂತ ಚಂದದ ಹೆಸರುಗಳು. ಫೀಸೂ ಅಷ್ಟೇ ಚಂದ.

ಗೊಂದಲ ಹೆಚ್ಚಲು ಇನ್ನೊಂದು ಕಾರಣ ಇದೆ. ಅಕ್ಕ ಓದಿದ ಬಿಎಸ್ಸಿ ಬೇರೆ, ತಮ್ಮ ಓದಲಿರುವ ಬಿಎಸ್ಸಿ ಬೇರೆ. ಕೆಲವೇ ವರ್ಷಗಳಲ್ಲಿ ನಿಯಮ ಎರಡು ಸಲ ಬದಲಾಗಿದೆ. ಹಾಗಾಗಿ ಮೇಲಿನ ಕ್ಲಾಸಿನವರನ್ನು ಕೇಳಿ ತೀರ್ಮಾನ ಮಾಡುವ ಹಳೆಯ ದಾರಿ ಈಗ ಅಷ್ಟಾಗಿ ಕೆಲಸಕ್ಕೆ ಬರುತ್ತಿಲ್ಲ.

ಎರಡು ಸಲ ಬದಲಾದ ನಿಯಮ

2021-22ಕ್ಕೆ ಮೊದಲು ಬಿಎಸ್ಸಿ ಎಂದರೆ ಮೂರು ವರ್ಷ, ಮೂರು ವಿಷಯ. ಅಪ್ಪ-ಅಮ್ಮನ ಕಾಲದಿಂದ ಇದ್ದ ಲೆಕ್ಕ ಅದು.

2021-22ರಲ್ಲಿ ಕರ್ನಾಟಕವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿತು. ದೇಶದಲ್ಲಿ ಇದನ್ನು ಮೊದಲು ತಂದ ರಾಜ್ಯ ನಮ್ಮದೇ. ಆಗ ಮೂರು ವಿಷಯ ಹೋಗಿ ಎರಡು ಮುಖ್ಯ ವಿಷಯಗಳಾದವು. ಮೂರನೇ ವರ್ಷದಲ್ಲಿ ಒಂದನ್ನು ಮೇಜರ್, ಅಂದರೆ ಪ್ರಧಾನ ವಿಷಯ ಮಾಡಿಕೊಳ್ಳಬಹುದಿತ್ತು. ನಾಲ್ಕನೇ ವರ್ಷ ಓದಿದರೆ ಆನರ್ಸ್ ಪದವಿ. ಫಿಸಿಕ್ಸ್ ಜೊತೆ ಮ್ಯಾಥ್ಸ್ ತೆಗೆದುಕೊಂಡವರಿಗೆ ಕೆಮಿಸ್ಟ್ರಿ ಕೈಬಿಟ್ಟಿತು. ಕೆಮಿಸ್ಟ್ರಿ ತೆಗೆದುಕೊಂಡವರಿಗೆ ಮ್ಯಾಥ್ಸ್ ಕೈಬಿಟ್ಟಿತು.

2023ರಲ್ಲಿ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಬಿತ್ತು. 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ವಿಷಯ. ಅದಕ್ಕೂ ಮೊದಲು ಸೇರಿದ ಮೂರು ಬ್ಯಾಚ್‌ಗಳಿಗೆ 2021ರ ನಿಯಮವೇ ಮುಂದುವರಿಯಿತು, ಬೇಕಾದವರು ನಾಲ್ಕನೇ ವರ್ಷವನ್ನೂ ಓದಬಹುದಿತ್ತು.

ಇದರ ಮೇಲೆ ಕೇಂದ್ರದ ಇನ್ನೊಂದು ನಿಯಮ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮದ ಪ್ರಕಾರ, ನಾಲ್ಕು ವರ್ಷದ ಪದವಿಯಲ್ಲಿ 75% ಅಂಕ ಪಡೆದವರು ಎಂಎಸ್ಸಿ ಮಾಡದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೂರು ವರ್ಷದ ಪದವೀಧರರು ಮೊದಲು ಎರಡು ವರ್ಷದ ಎಂಎಸ್ಸಿ ಮಾಡಬೇಕು. ರಾಜ್ಯ ಒಂದು ದಾರಿ ಹಿಡಿದಿದೆ, ದೇಶ ಇನ್ನೊಂದು ದಾರಿಯನ್ನೂ ತೆರೆದಿಟ್ಟಿದೆ. ಮಕ್ಕಳಿಗೆ ಗೊಂದಲ ಆಗದೆ ಇರುತ್ತದೆಯೇ?

ಎರಡೂ ಕಡೆ ವಾದ ಇದೆ

ಮೂರು ವರ್ಷವೇ ಸಾಕು ಎನ್ನುವವರ ಮಾತಿನಲ್ಲಿ ಹುರುಳಿದೆ. ನಾಲ್ಕನೇ ವರ್ಷ ಎಂದರೆ ಇನ್ನೊಂದು ವರ್ಷದ ಹಾಸ್ಟೆಲ್, ಊಟ, ಫೀಸು. ರೋಣದಿಂದಲೋ ಹಾನಗಲ್‌ನಿಂದಲೋ ಧಾರವಾಡಕ್ಕೆ ಬಂದು ಓದುವ ಹುಡುಗಿಯ ಮನೆಯಲ್ಲಿ ಆ ಒಂದು ವರ್ಷವೇ ಓದನ್ನು ನಿಲ್ಲಿಸುವ ಕಾರಣ ಆಗಬಹುದು. ಮೇಲಾಗಿ ಆನರ್ಸ್ ಮಟ್ಟದ ಪಾಠಕ್ಕೆ ಲ್ಯಾಬ್ ಬೇಕು, ಕಾಯಂ ಮೇಷ್ಟ್ರು ಬೇಕು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಸಂಶೋಧನಾ ಪ್ರಾಜೆಕ್ಟ್ ಕಾಗದದ ಮೇಲಷ್ಟೇ ನಡೆಯುತ್ತದೆ.

ನಾಲ್ಕು ವರ್ಷ ಬೇಕು ಎನ್ನುವವರದೂ ಸುಳ್ಳಲ್ಲ. ಮೂರು ವಿಷಯಗಳಿಗೆ ಸಮಯ ಹಂಚಿದರೆ ಫಿಸಿಕ್ಸ್‌ಗೆ ಸಿಗುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ನಲ್ಲೋ ಬೆಂಗಳೂರಿನ ಐಐಎಸ್‌ಸಿಯಲ್ಲೋ ಓದುವವರಿಗೆ ಮೇಜರ್ ಆರಿಸಿಕೊಂಡ ಮೇಲೆ ಹೆಚ್ಚಿನ ಸಮಯ ಫಿಸಿಕ್ಸ್‌ಗೇ ಸಿಗುತ್ತದೆ. ಇಬ್ಬರೂ ಮುಂದೆ ಒಂದೇ ಪ್ರವೇಶ ಪರೀಕ್ಷೆಯ ಹಾಲ್‌ನಲ್ಲಿ ಕೂರುತ್ತಾರೆ. ಪ್ರಶ್ನೆ ಪತ್ರಿಕೆಗೆ ಯಾರು ಎಷ್ಟು ಗಂಟೆ ಪಾಠ ಕೇಳಿದ್ದಾರೆ ಎಂಬುದು ಗೊತ್ತಿರುವುದಿಲ್ಲ.

ಆದರೆ ಇದು ಸರ್ಕಾರಗಳ ನಡುವಿನ ವಾದ. ಸೀಟು ಹುಡುಕುತ್ತಿರುವ ಹುಡುಗನಿಗೆ ಎಷ್ಟು ವರ್ಷ ಎಂಬ ಆಯ್ಕೆ ಈಗ ರಾಜ್ಯದ ಕಾಲೇಜುಗಳಲ್ಲಿ ಇಲ್ಲ. ಅವನ ಕೈಯಲ್ಲಿ ಇರುವುದು ಎರಡೇ: ಎಲ್ಲಿ ಓದಬೇಕು, ಫಿಸಿಕ್ಸ್ ಜೊತೆ ಏನನ್ನು ಓದಬೇಕು. ಈ ಎರಡರಲ್ಲಿ ಮಾಡುವ ತಪ್ಪು ಐದಾರು ವರ್ಷ ಆದ ಮೇಲೆ, ಯಾವುದೋ ಅರ್ಜಿಯ ಅರ್ಹತೆಯ ಸಾಲಿನಲ್ಲಿ ಎದುರಾಗುತ್ತದೆ.

ಹೆಸರು ದೊಡ್ಡದು, ಸಿಲಬಸ್ ಅದೇ

ಮೊದಲು ಆಸ್ಟ್ರೋಫಿಸಿಕ್ಸ್, ನ್ಯಾನೋ, ಕ್ವಾಂಟಮ್ ಹೆಸರಿನ ಕೋರ್ಸ್‌ಗಳ ವಿಚಾರ ನೋಡೋಣ. ಇವಕ್ಕೆ ಬೇಡಿಕೆ ಯಾಕೆ ಬಂತು ಎಂಬುದು ಗುಟ್ಟೇನಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಹತ್ತು ದಿನದಲ್ಲಿ ಆದಿತ್ಯ-ಎಲ್1 ಸೂರ್ಯನನ್ನು ನೋಡಲು ಹೊರಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಕ್ವಾಂಟಮ್ ಕಂಪ್ಯೂಟಿಂಗ್‌ನ ಕೇಂದ್ರ ಬೆಂಗಳೂರಿನ ಐಐಎಸ್‌ಸಿಗೇ ಬಂತು. ಇಷ್ಟೆಲ್ಲ ಸುದ್ದಿ ಕೇಳಿದ ಹದಿನೆಂಟು ವರ್ಷದವರಿಗೆ ಮನಸ್ಸು ಅತ್ತ ವಾಲುವುದು ಸಹಜ.

ಈಗ ಇನ್ನೊಂದು ಕಾಗದ ತೆಗೆದು ನೋಡಿ. ಐಐಟಿಗಳಲ್ಲಿ ಎಂಎಸ್ಸಿ ಫಿಸಿಕ್ಸ್‌ಗೆ ಸೇರಲು ಬರೆಯುವ ಪರೀಕ್ಷೆ ಜಾಮ್. ಮೂರು ಗಂಟೆ, 100 ಅಂಕ. ಅದರ ಫಿಸಿಕ್ಸ್ ಸಿಲಬಸ್‌ನಲ್ಲಿ ಇರುವುದು ಇಷ್ಟು: ಗಣಿತದ ವಿಧಾನಗಳು, ಮೆಕ್ಯಾನಿಕ್ಸ್, ಅಲೆಗಳು ಮತ್ತು ಆಪ್ಟಿಕ್ಸ್, ವಿದ್ಯುತ್ತು ಮತ್ತು ಕಾಂತತ್ವ, ಥರ್ಮೋಡೈನಮಿಕ್ಸ್, ಮಾಡರ್ನ್ ಫಿಸಿಕ್ಸ್, ಸಾಲಿಡ್ ಸ್ಟೇಟ್ ಮತ್ತು ಎಲೆಕ್ಟ್ರಾನಿಕ್ಸ್. ಆಸ್ಟ್ರೋಫಿಸಿಕ್ಸ್ ಎಂಬ ಅಧ್ಯಾಯ ಅಲ್ಲಿಲ್ಲ. ನ್ಯಾನೋ ಎಂಬ ಅಧ್ಯಾಯವೂ ಇಲ್ಲ. ಮುಂದೆ ಖಗೋಳ ವಿಜ್ಞಾನವನ್ನೇ ಮಾಡುವವರೂ ಈ ಬಾಗಿಲಿನ ಮೂಲಕವೇ ಹೋಗುತ್ತಾರೆ. ಎರಡು ಸೆಮಿಸ್ಟರ್ ಥರ್ಮೋಡೈನಮಿಕ್ಸ್ ಕಡಿಮೆ ಮಾಡಿ ಆ ಜಾಗದಲ್ಲಿ ಗ್ಯಾಲಕ್ಸಿಗಳ ಪಾಠ ಮಾಡಿದ ಕೋರ್ಸ್ ಓದಿದರೆ, ನಷ್ಟ ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದೇಶದ ದೊಡ್ಡ ಸಂಸ್ಥೆಗಳು ಏನು ಮಾಡುತ್ತವೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಒಂದೇ. ಫಿಸಿಕ್ಸ್ ಬೇಕು ಎಂದು ಬಂದವರೂ ಬಯಾಲಜಿ ಓದಲೇಬೇಕು. ಐಸರ್‌ಗಳ ಬಿಎಸ್-ಎಂಎಸ್‌ನಲ್ಲೂ ಮೊದಲ ಎರಡು ವರ್ಷ ಎಲ್ಲ ಮೂಲ ವಿಜ್ಞಾನಗಳು, ಮೇಜರ್ ಆರಿಸುವುದು ಆಮೇಲೆ. ಅಂಥವರೇ ಸ್ಪೆಷಲೈಸೇಷನ್ ಅನ್ನು ಹಿಂದಕ್ಕೆ ತಳ್ಳುತ್ತಿರುವಾಗ, ಮೊದಲ ದಿನದಿಂದಲೇ ಆಸ್ಟ್ರೋಫಿಸಿಕ್ಸ್ ಎಂಬ ಜಾಹೀರಾತನ್ನು ಸ್ವಲ್ಪ ಅನುಮಾನದಿಂದ ನೋಡುವುದೇ ಒಳ್ಳೆಯದು.

ಬ್ರಿಟನ್‌ನಲ್ಲಿ ಇಂಥ ಹೆಸರಿನ ಕೋರ್ಸ್‌ಗಳು ಬೇಕಾದಷ್ಟಿವೆ: ಬರೀ ಫಿಸಿಕ್ಸ್, ಥಿಯರೆಟಿಕಲ್ ಫಿಸಿಕ್ಸ್, ಫಿಸಿಕ್ಸ್ ವಿತ್ ಆಸ್ಟ್ರೋಫಿಸಿಕ್ಸ್. ಆದರೆ ಅಲ್ಲಿ ಮೊದಲ ವರ್ಷದ ಪಾಠ ಈ ಎಲ್ಲ ಕೋರ್ಸ್‌ಗಳಿಗೂ ಹೆಚ್ಚುಕಡಿಮೆ ಒಂದೇ. ವರ್ಷ ಕಳೆದ ಮೇಲೆ ಮನಸ್ಸು ಬದಲಾದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಅಲ್ಲಿ ಹೆಸರಿನ ಆಯ್ಕೆ ಹಗುರ, ಯಾಕೆಂದರೆ ತಿದ್ದಿಕೊಳ್ಳಬಹುದು. ನಮ್ಮಲ್ಲಿ ಒಮ್ಮೆ ಕಾಂಬಿನೇಷನ್ ನಮೂದಾಗಿ ಸೆಮಿಸ್ಟರ್ ಶುರುವಾದರೆ ಬದಲಾಯಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಹಾಗಾಗಿ ಅಲ್ಲಿನವರ ಸಲಹೆಯನ್ನು ಇಂಟರ್‌ನೆಟ್‌ನಲ್ಲಿ ಓದಿ ಇಲ್ಲಿಗೆ ಅನ್ವಯಿಸಿಕೊಂಡರೆ ಎಡವುವ ಸಾಧ್ಯತೆ ಜಾಸ್ತಿ.

ಇಲ್ಲಿ ಸ್ಪೆಷಲೈಸೇಷನ್ ಇಲ್ಲವೇ ಇಲ್ಲ ಎಂದೇನಲ್ಲ. ಅದು ಎಂಎಸ್ಸಿಯ ಕೊನೆಯ ಸೆಮಿಸ್ಟರ್‌ಗಳಲ್ಲಿ ಬರುತ್ತದೆ. ಕಂಡೆನ್ಸ್ಡ್ ಮ್ಯಾಟರ್, ನ್ಯೂಕ್ಲಿಯರ್, ಸ್ಪೆಕ್ಟ್ರೋಸ್ಕೋಪಿ ಎಂದು ದಾರಿಗಳು ಒಡೆಯುವುದು ಅಲ್ಲಿ. ಅಷ್ಟು ಹೊತ್ತಿಗೆ ವಿದ್ಯಾರ್ಥಿಗೆ ತನಗೆ ಲ್ಯಾಬ್ ಹಿಡಿಸುತ್ತದೋ, ಪೆನ್ನು-ಹಾಳೆ ಹಿಡಿಸುತ್ತದೋ ಗೊತ್ತಾಗಿರುತ್ತದೆ.

ತಂಬೂರಿಯ ತಂತಿ ಮತ್ತು ಗಣಿತ

ಕಾಂಬಿನೇಷನ್ ವಿಷಯದಲ್ಲಿ ಒಂದು ಮಾತನ್ನು ಅನುಮಾನವಿಲ್ಲದೆ ಹೇಳಬಹುದು. ಫಿಸಿಕ್ಸ್ ಮುಂದುವರಿಸುವ ಮನಸ್ಸಿದ್ದರೆ ಮ್ಯಾಥ್ಸ್ ಬಿಡಬಾರದು. ಮಾರ್ಕ್ಸ್ ಕಡಿಮೆ ಬರುತ್ತದೆ ಎಂದು ಹೆದರಿ ಬಿಟ್ಟವರು ಆಮೇಲೆ ಒದ್ದಾಡುತ್ತಾರೆ. ಕಾರಣ ಏನು?

ಧಾರವಾಡ, ಗದಗ ಕಡೆಯವರಿಗೆ ತಂಬೂರಿ ಹೊಸದಲ್ಲ. ಅದರ ತಂತಿಯ ಎರಡೂ ತುದಿ ಬಿಗಿಯಾಗಿ ಕಟ್ಟಿರುತ್ತವೆ. ಮೀಟಿದರೆ ತಂತಿ ತನಗೆ ತೋಚಿದ ಹಾಗೆ ನಡುಗಲು ಆಗುವುದಿಲ್ಲ. ಎರಡು ತುದಿಗಳ ನಡುವೆ ಅರ್ಧ ಅಲೆ, ಒಂದು ಅಲೆ, ಒಂದೂವರೆ ಅಲೆ, ಹೀಗೆ ಸರಿಯಾಗಿ ಕೂರುವ ನಡುಕಗಳಿಗೆ ಮಾತ್ರ ಜಾಗ. ಅದಕ್ಕೇ ಮೂಲ ಸ್ವರ, ಅದರ ಎರಡು ಪಟ್ಟು, ಮೂರು ಪಟ್ಟು ಎಂದು ಎಣಿಸಿ ಹೇಳುವ ಕಂಪನಗಳು ಹೊರಡುತ್ತವೆ. ಇವುಗಳ ನಡುವಿನ ಯಾವುದೋ ಕಂಪನ ಬೇಕು ಎಂದರೆ ಆ ತಂತಿ ಕೊಡುವುದಿಲ್ಲ.

ಇದನ್ನು ಕಾಗದದ ಮೇಲೆ ಬರೆದರೆ ಒಂದು ಡಿಫರೆನ್ಷಿಯಲ್ ಸಮೀಕರಣ ಬರುತ್ತದೆ, ಜೊತೆಗೆ ತುದಿಗಳಲ್ಲಿ ಅಲುಗಾಟ ಸೊನ್ನೆ ಎಂಬ ಷರತ್ತು. ಈಗ ಹೈಡ್ರೋಜನ್ ಪರಮಾಣುವಿಗೆ ಬನ್ನಿ. ಅಲ್ಲಿ ಎಲೆಕ್ಟ್ರಾನ್ ಕೆಲವೇ ಶಕ್ತಿಮಟ್ಟಗಳಲ್ಲಿ ಇರಬಲ್ಲದು, ನಡುವೆ ಇರಲಾರದು. ಯಾಕೆ ಎಂದರೆ ಉತ್ತರ ಅದೇ ಜಾತಿಯದು: ಒಂದು ಸಮೀಕರಣ, ಒಂದಿಷ್ಟು ಷರತ್ತು, ಷರತ್ತಿಗೆ ಒಗ್ಗುವ ಉತ್ತರಗಳು ಮಾತ್ರ. ತಂತಿಯ ಗಣಿತ ಕೈಗೆ ಬಂದವರಿಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಅರ್ಧ ಪರಿಚಿತ. ಬಾರದವರಿಗೆ ಅದು ಬಾಯಿಪಾಠ ಮಾಡಬೇಕಾದ ಸೂತ್ರಗಳ ಪಟ್ಟಿ. ಕ್ವಾಂಟಮ್ ಕಂಪ್ಯೂಟಿಂಗ್‌ನಲ್ಲಂತೂ ಮೊದಲ ಪಾಠವೇ ಮ್ಯಾಟ್ರಿಕ್ಸ್.

ಆಡಳಿತದ ಕಾರಣವೂ ಇದೆ. ಹಲವು ವಿಶ್ವವಿದ್ಯಾಲಯಗಳು ಎಂಎಸ್ಸಿ ಫಿಸಿಕ್ಸ್‌ಗೆ ಸೇರಲು ಪದವಿಯಲ್ಲಿ ಮ್ಯಾಥ್ಸ್ ಓದಿರಬೇಕು ಎನ್ನುತ್ತವೆ. ನಾಲ್ಕು ವರ್ಷದ ನೀತಿಯಲ್ಲಿ ಫಿಸಿಕ್ಸ್-ಕೆಮಿಸ್ಟ್ರಿ ಜೋಡಿ ತೆಗೆದುಕೊಂಡ ಮಕ್ಕಳಿಗೆ ಅಡ್ಡ ಬರುವುದು ಇದೇ ಸಾಲು. ಮೂರು ವಿಷಯ ವಾಪಸ್ ಬಂದದ್ದರಿಂದ ಆದ ಒಂದು ನಿಜವಾದ ಲಾಭ ಎಂದರೆ ಇದೇ. ಮ್ಯಾಥ್ಸೂ ಇರಲಿ, ಕೆಮಿಸ್ಟ್ರಿಯೂ ಇರಲಿ ಎನ್ನಬಹುದು.

ಮೂರನೇ ವಿಷಯವೇ ನಿಜವಾದ ಪ್ರಶ್ನೆ

ಫಿಸಿಕ್ಸ್, ಮ್ಯಾಥ್ಸ್ ಪಕ್ಕಾ ಆದವು. ಇನ್ನುಳಿದ ಜಾಗಕ್ಕೆ ಕೆಮಿಸ್ಟ್ರಿಯೋ, ಎಲೆಕ್ಟ್ರಾನಿಕ್ಸೋ, ಕಂಪ್ಯೂಟರ್ ಸೈನ್ಸೋ? ಕಾಲೇಜಿನ ಕೌಂಟರ್‌ನಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಈ ತೀರ್ಮಾನಕ್ಕೆ ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಕು.

ಒಂದು ಉದಾಹರಣೆ ನೋಡೋಣ. ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಕೈಗಾ ಅಣು ವಿದ್ಯುತ್ ಕೇಂದ್ರ ಇದೆ. 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ನಡೆಯುತ್ತಿವೆ, ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಬರಲಿವೆ. ಅದನ್ನು ನಡೆಸುವ ಎನ್‌ಪಿಸಿಐಎಲ್ ಸಂಸ್ಥೆ ಬಿಎಸ್ಸಿ ಪದವೀಧರರನ್ನು ಸ್ಟೈಪೆಂಡರಿ ಟ್ರೇನಿ, ಅಂದರೆ ಮುಂದೆ ಸೈಂಟಿಫಿಕ್ ಅಸಿಸ್ಟೆಂಟ್ ಆಗುವ ಹುದ್ದೆಗೆ ತೆಗೆದುಕೊಳ್ಳುತ್ತದೆ. ಬಿಎಸ್ಸಿಯ ನಂತರ ಸಿಗುವ ಒಳ್ಳೆಯ ಸರ್ಕಾರಿ ಕೆಲಸಗಳಲ್ಲಿ ಅದೂ ಒಂದು.

ಅದರ ಅಧಿಸೂಚನೆಗಳಲ್ಲಿ ಬಂದಿರುವ ಅರ್ಹತೆಯ ಸಾಲು ಹೀಗಿದೆ. ಬಿಎಸ್ಸಿಯಲ್ಲಿ ಕನಿಷ್ಠ 60% ಬೇಕು. ಫಿಸಿಕ್ಸ್ ಪ್ರಧಾನ ವಿಷಯವಾಗಿದ್ದು ಕೆಮಿಸ್ಟ್ರಿ, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಎಲೆಕ್ಟ್ರಾನಿಕ್ಸ್-ಕಂಪ್ಯೂಟರ್ ಸೈನ್ಸ್‌ನಂಥವು ಉಪವಿಷಯ ಆಗಿರಬೇಕು. ಇಲ್ಲವೇ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸಮಾನ ತೂಕದಲ್ಲಿ ಇರಬೇಕು. ಕೊನೆಯ ವರ್ಷದಲ್ಲಿ ಮ್ಯಾಥ್ಸ್ ಪ್ರಧಾನವಾಗಿದ್ದವರು ಅರ್ಹರಲ್ಲ.

ಈ ಸಾಲನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ಪಿಸಿಎಂ ಓದಿ ಮೂರಕ್ಕೂ ಸಮಾನ ತೂಕ ಇದ್ದವರು ಎರಡನೇ ಷರತ್ತಿನಲ್ಲಿ ಸಲೀಸಾಗಿ ಒಳಗೆ ಬರುತ್ತಾರೆ. ನಾಲ್ಕು ವರ್ಷದ ನೀತಿಯಲ್ಲಿ ಫಿಸಿಕ್ಸ್ ಮೇಜರ್ ಮಾಡಿದವರು ಮೊದಲ ಷರತ್ತಿನಲ್ಲಿ ಬರುತ್ತಾರೆ. ಅದೇ ನೀತಿಯಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತದೆ ಎಂದು ಮ್ಯಾಥ್ಸ್ ಮೇಜರ್ ಮಾಡಿದವರು ಹೊರಗೆ. ಇನ್ನು ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಮೂರನ್ನೂ ಸಮಾನವಾಗಿ ಓದಿದವರು? ಫಿಸಿಕ್ಸ್ ಪ್ರಧಾನ ಅಲ್ಲ, ಪಿಸಿಎಂ ಕೂಡ ಅಲ್ಲ. ಅಕ್ಷರಕ್ಕೆ ಅಕ್ಷರ ಓದಿದರೆ ಅವರು ಎರಡೂ ಷರತ್ತುಗಳ ನಡುವಿನ ಸಂದಿಯಲ್ಲಿ ಬೀಳುತ್ತಾರೆ. ಓದಿದ ಫಿಸಿಕ್ಸ್ ಅಷ್ಟೇ, ಬರೆದ ಪರೀಕ್ಷೆಯೂ ಅದೇ. ಬೇರೆಯಾದದ್ದು ಮೂರನೇ ವಿಷಯ ಒಂದೇ.

ಎಲ್ಲ ಕಡೆಯೂ ಇಷ್ಟು ಬಿಗಿ ಇರುವುದಿಲ್ಲ. 2022ರಲ್ಲಿ ಹವಾಮಾನ ಇಲಾಖೆಯ 990 ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಗಳಿಗೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಅರ್ಜಿ ಕರೆದಾಗ, ಪದವಿಯಲ್ಲಿ ಫಿಸಿಕ್ಸ್ ಒಂದು ವಿಷಯವಾಗಿದ್ದು ಪ್ರಥಮ ದರ್ಜೆ ಇದ್ದರೆ ಸಾಕಿತ್ತು. ಮೂರನೇ ವಿಷಯ ಯಾವುದು ಎಂದು ಅಲ್ಲಿ ಕೇಳಲಿಲ್ಲ.

ಇನ್ನು ನಮ್ಮ ಭಾಗದಲ್ಲಿ ಬಿಎಸ್ಸಿ ಮಾಡುವವರಲ್ಲಿ ಬಹಳಷ್ಟು ಮಂದಿಯ ಕಣ್ಣು ಮಾಸ್ತರಿಕೆಯ ಮೇಲೆ. ರಾಜ್ಯದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆಗೆ ಪಿಸಿಎಂ, ಸಿಬಿಝಡ್ (ಕೆಮಿಸ್ಟ್ರಿ-ಬಾಟನಿ-ಝೂವಾಲಜಿ) ಎಂದೇ ಹೆಸರು. ಹುದ್ದೆಯ ಹೆಸರಿನಲ್ಲೇ ಕೆಮಿಸ್ಟ್ರಿ ಕೂತಿದೆ. ಹೈಸ್ಕೂಲ್ ಮಾಸ್ತರಿಕೆ ಬೇಕು ಎನ್ನುವವರಿಗೆ ಎಲೆಕ್ಟ್ರಾನಿಕ್ಸ್ ಯಾಕೆ? ಪಿಯು ಉಪನ್ಯಾಸಕ ಹುದ್ದೆಗೆ ಎಂಎಸ್ಸಿ ಜೊತೆ ಬಿಎಡ್ ಬೇಕು. ಅಲ್ಲಿ ಫಿಸಿಕ್ಸ್ ಬೇರೆ, ಎಲೆಕ್ಟ್ರಾನಿಕ್ಸ್ ಬೇರೆ ವಿಷಯ. ಸೈನ್ಸ್ ಇರುವ ಪಿಯು ಕಾಲೇಜು ಅಂದರೆ ಫಿಸಿಕ್ಸ್ ಇದ್ದೇ ಇರುತ್ತದೆ. ಎಲೆಕ್ಟ್ರಾನಿಕ್ಸ್ ಇರುವ ಕಾಲೇಜು ಕಡಿಮೆ, ಹುದ್ದೆಯೂ ಕಡಿಮೆ.

ಎಂಎಸ್ಸಿ ಎಲೆಕ್ಟ್ರಾನಿಕ್ಸ್ ಮಾಡಿದವರು ಡಿಗ್ರಿ ಕಾಲೇಜಿಗೆ ಪಾಠ ಮಾಡಲು ಹೋಗುವಾಗಲೂ ದಾರಿ ಬೇರೆಯಾಗುತ್ತದೆ. ಅದಕ್ಕೆ ನೆಟ್ ಎಂಬ ಅರ್ಹತಾ ಪರೀಕ್ಷೆ ಇದೆ. ಫಿಸಿಕ್ಸ್‌ನವರು ಸಿಎಸ್‌ಐಆರ್-ನೆಟ್‌ನಲ್ಲಿ ಫಿಸಿಕಲ್ ಸೈನ್ಸಸ್ ಬರೆಯುತ್ತಾರೆ. ಎಲೆಕ್ಟ್ರಾನಿಕ್ಸ್‌ನವರಿಗೆ ಯುಜಿಸಿ-ನೆಟ್‌ನಲ್ಲಿ ಎಲೆಕ್ಟ್ರಾನಿಕ್ ಸೈನ್ಸ್ ಎಂಬ ಬೇರೆಯೇ ಪತ್ರಿಕೆ. ಎರಡು ವರ್ಷದ ಎಂಎಸ್ಸಿ ಆದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ.

ಹಾಗಾದರೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಸುಮ್ನೆ ದಂಡವೇ? ಖಂಡಿತ ಅಲ್ಲ. ಮೂರು ವರ್ಷ ಆದ ತಕ್ಷಣ ಕೆಲಸಕ್ಕೆ ಸೇರಲೇಬೇಕು ಎಂಬ ಮನೆಯ ಪರಿಸ್ಥಿತಿ ಇದ್ದವರಿಗೆ ಪ್ರೋಗ್ರಾಮಿಂಗ್ ಬಂದರೆ ದಾರಿ ಬೇಗ ತೆರೆಯುತ್ತದೆ. ಮ್ಯಾಥ್ಸ್ ಓದಿದ ಬಿಎಸ್ಸಿಯವರು ಪಿಜಿಸಿಇಟಿ ಎಂಬ ರಾಜ್ಯದ ಪ್ರವೇಶ ಪರೀಕ್ಷೆ ಬರೆದು ಎರಡು ವರ್ಷದ ಎಂಸಿಎ ಮಾಡಬಹುದು. ಫಿಸಿಕ್ಸ್ ಸಂಶೋಧನೆಯಲ್ಲೂ ಕೋಡಿಂಗ್ ಬಾರದೆ ಈಗ ಕೆಲಸ ಸಾಗುವುದಿಲ್ಲ. ಆದರೆ ಪೈಥಾನ್ ಅನ್ನು ಮನೆಯಲ್ಲಿ ಕೂತು ಕಲಿಯಬಹುದು. ಕೆಮಿಸ್ಟ್ರಿ ಓದಿದ್ದೇನೆ ಎಂಬ ಮಾರ್ಕ್ಸ್ ಕಾರ್ಡನ್ನು ಮನೆಯಲ್ಲಿ ಕೂತು ಪಡೆಯಲು ಆಗುವುದಿಲ್ಲ. ಇನ್ನೂ ಯಾವ ದಾರಿ ಎಂದು ಗೊತ್ತಿಲ್ಲದ ಹದಿನೆಂಟರ ಹುಡುಗಿಗೆ ಪಿಸಿಎಂ ಇವತ್ತಿಗೂ ಮೇಲು ಎಂದು ಅನ್ನಿಸುವುದು ಈ ಒಂದು ಕಾರಣಕ್ಕೆ. ಹಳೇ ಕಾಂಬಿನೇಷನ್, ಕಣ್ಣು ಸೆಳೆಯುವ ಹೆಸರಲ್ಲ, ನಿಜ.

ನವನಗರದ ಒಂದು ಉದಾಹರಣೆ

ಸ್ಪೆಷಲೈಸೇಷನ್ ಅನ್ನು ತಡವಾಗಿ ಮಾಡಿದರೆ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ಮೆಡಿಕಲ್ ಫಿಸಿಕ್ಸ್ ಒಳ್ಳೆಯ ಉತ್ತರ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇರುವುದು ಎಲ್ಲರಿಗೂ ಗೊತ್ತು. ಇಂಥ ಆಸ್ಪತ್ರೆಗಳಲ್ಲಿ ಗಡ್ಡೆಗೆ ಎಷ್ಟು ವಿಕಿರಣ ಕೊಡಬೇಕು ಎಂದು ಡಾಕ್ಟರು ಬರೆಯುತ್ತಾರೆ. ಆ ಪ್ರಮಾಣ ಗಡ್ಡೆಗೇ ತಲುಪಿ, ಪಕ್ಕದ ಅಂಗಕ್ಕೆ ಆದಷ್ಟು ಕಡಿಮೆ ತಾಗುವ ಹಾಗೆ ಲೆಕ್ಕ ಹಾಕುವುದು, ಮೆಷಿನ್ ಸರಿಯಾಗಿ ಕೊಡುತ್ತಿದೆಯೇ ಎಂದು ಅಳೆಯುವುದು ಮೆಡಿಕಲ್ ಫಿಸಿಸಿಸ್ಟ್ ಕೆಲಸ. ರೇಡಿಯೋಥೆರಪಿ ನಡೆಸುವ ಆಸ್ಪತ್ರೆಗೆ ಇವರು ಇರಲೇಬೇಕು ಎಂಬುದು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ.

ಇದಕ್ಕೆ ಎರಡು ದಾರಿ ಇವೆ. ಎಂಎಸ್ಸಿ ಫಿಸಿಕ್ಸ್ ಮಾಡಿ, ಆಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡುವುದು ಒಂದು. ಮುಂಬೈಯ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ನಡೆಸುವ ಡಿಪ್ಲೊಮಾ ಇದರಲ್ಲಿ ಹೆಸರುವಾಸಿ. ಫಿಸಿಕ್ಸ್ ಮುಖ್ಯವಾಗಿ ಓದಿದ ಬಿಎಸ್ಸಿಯ ನಂತರ ನೇರವಾಗಿ ಎಂಎಸ್ಸಿ ಮೆಡಿಕಲ್ ಫಿಸಿಕ್ಸ್ ಮಾಡುವುದು ಇನ್ನೊಂದು. ಎರಡರಲ್ಲೂ ಆಸ್ಪತ್ರೆಯಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಇದೆ. ಎರಡಕ್ಕೂ ತಳಹದಿ ಸಾದಾ ಬಿಎಸ್ಸಿ ಫಿಸಿಕ್ಸ್. ಮೊದಲ ದಾರಿ ಹಿಡಿದವರಿಗೆ ಒಂದು ವೇಳೆ ಆಸ್ಪತ್ರೆಯ ಕೆಲಸ ಹಿಡಿಸದಿದ್ದರೂ ಎಂಎಸ್ಸಿ ಫಿಸಿಕ್ಸ್ ಕೈಯಲ್ಲಿ ಇರುತ್ತದೆ.

ಧಾರವಾಡದಲ್ಲೇ ಐಐಟಿ ಇದೆಯಲ್ಲ?

ಇದೆ. 2016ರಲ್ಲಿ ಶುರುವಾಯಿತು. ಚಿಕ್ಕಮಲ್ಲಿಗವಾಡದ ಕಾಯಂ ಕ್ಯಾಂಪಸ್ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಲ್ಲಿ ಇಂಜಿನಿಯರಿಂಗ್ ಫಿಸಿಕ್ಸ್ ಎಂಬ ಬಿಟೆಕ್ ಇದೆ. ಆದರೆ ಮನೆಗೆ ಹತ್ತಿರ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು.

ಇಂಜಿನಿಯರಿಂಗ್ ಫಿಸಿಕ್ಸ್ ಎಂದರೆ ಅರ್ಧ ಫಿಸಿಕ್ಸ್, ಅರ್ಧ ಇಂಜಿನಿಯರಿಂಗ್ ಎಂದು ಒರಟಾಗಿ ಹೇಳಬಹುದು. ಸೆನ್ಸರ್, ಲೇಸರ್, ಸೆಮಿಕಂಡಕ್ಟರ್ ಕಡೆ ಮನಸ್ಸಿದ್ದವರಿಗೆ ಒಳ್ಳೆಯದು. ಹಣದ ಒಂದು ಸಣ್ಣ ವ್ಯತ್ಯಾಸ ಮಾತ್ರ ಗಮನಿಸಿ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ 1% ಒಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿಯವರೆಗೆ ಇದೆ. ಅದು ಬಿಎಸ್ಸಿ, ಬಿಎಸ್, ಇಂಟಿಗ್ರೇಟೆಡ್ ಎಂಎಸ್ಸಿಯವರಿಗೆ. ಬಿಟೆಕ್‌ಗೆ ಇಲ್ಲ. ಗದಗಿನ ಕಾಲೇಜಿನಲ್ಲಿ ಸಾದಾ ಬಿಎಸ್ಸಿ ಓದುವ ಹುಡುಗಿಯೂ ಇದಕ್ಕೆ ಅರ್ಹಳು. ನಮ್ಮ ಕಡೆ ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ.

ಐಸರ್‌ಗೆ ಐಎಟಿ, ಅಂಥದ್ದೇ ಇನ್ನೊಂದು ವಿಜ್ಞಾನ ಸಂಸ್ಥೆಯಾದ ಭುವನೇಶ್ವರದ ನೈಸರ್‌ಗೆ ನೆಸ್ಟ್ ಎಂಬ ಪರೀಕ್ಷೆಗಳಿವೆ. ಫಲಿತಾಂಶ ಬಂದ ಮೇಲೆ ಯೋಚಿಸಿದರೆ ತಡ. ಅರ್ಜಿ ಹಾಕುವುದು ಪಿಯು ಎರಡನೇ ವರ್ಷ ಓದುತ್ತಿರುವಾಗಲೇ ಆಗಬೇಕು.

ಹಾವೇರಿಯವರ ಪ್ರಶ್ನೆ

ಕೆರಿಮತ್ತಿಹಳ್ಳಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಈಗ ಹಾವೇರಿ ವಿಶ್ವವಿದ್ಯಾಲಯ. 2025ರ ಫೆಬ್ರುವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನ ಮಾಡುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂತು. ಅಂದಿನಿಂದ ಪೋಷಕರಿಗೆ ಒಂದೇ ಚಿಂತೆ: ನಡುವೆ ವಿಶ್ವವಿದ್ಯಾಲಯವೇ ಹೋದರೆ ಡಿಗ್ರಿಯ ಗತಿ ಏನು?

ಡಿಗ್ರಿಗೆ ಏನೂ ಆಗುವುದಿಲ್ಲ. ಹಾವೇರಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಒಂದೇ ರಾಜ್ಯ ಕಾಯ್ದೆಯ ಕೆಳಗಿನವು. ಪ್ರಮಾಣಪತ್ರದ ಮೇಲಿನ ಹೆಸರು ಬದಲಾಗಬಹುದು, ಮಾನ್ಯತೆ ಹೋಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಕಾಲೇಜಿನಲ್ಲಿ ಫಿಸಿಕ್ಸ್‌ಗೆ ಕಾಯಂ ಬೋಧಕರು ಎಷ್ಟು ಜನ? ಐದನೇ ಸೆಮಿಸ್ಟರ್‌ನ ಪ್ರಾಕ್ಟಿಕಲ್‌ಗೆ ಬೇಕಾದ ಉಪಕರಣ ಕೆಲಸ ಮಾಡುತ್ತಿದೆಯೇ, ಇಲ್ಲ ರೆಕಾರ್ಡ್ ಪುಸ್ತಕದಲ್ಲಿ ರೀಡಿಂಗ್ ನಕಲು ಮಾಡುವ ಪದ್ಧತಿಯೇ? ಕಾಲೇಜಿನ ಗೇಟಿನ ಹತ್ತಿರ ಮೂರನೇ ವರ್ಷದ ಇಬ್ಬರನ್ನು ನಿಲ್ಲಿಸಿ ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಲ್ಯಾಬ್ ಚೆನ್ನಾಗಿರುವ ಕಾಲೇಜು ದೂರ ಇದ್ದರೆ? ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ. ಹಾಗಾಗಿ ಹುಡುಗಿಯರಿಗೆ ದೂರದ ಕಾಲೇಜಿನ ಖರ್ಚಿನ ಲೆಕ್ಕ ಮೊದಲಿನಂತಿಲ್ಲ. ಆದರೆ ದಿನಕ್ಕೆ ಮೂರ್ನಾಲ್ಕು ತಾಸು ಬಸ್ಸಿನಲ್ಲಿ ಕಳೆದು, ಬಂದು ಮ್ಯಾಥ್ಸ್ ಸಮಸ್ಯೆ ಬಿಡಿಸುವುದು ಎಲ್ಲರಿಂದಲೂ ಆಗುವ ಮಾತಲ್ಲ.

2027ರಲ್ಲಿ ಏನಾಗಲಿದೆ

ನಿಯಮ ಬದಲಾವಣೆಯ ನಿಜವಾದ ಪರಿಣಾಮ ಕಾಣುವುದು 2027ರಲ್ಲಿ. 2023-24ರಲ್ಲಿ ಸೇರಿದವರು ನಾಲ್ಕು ವರ್ಷದ ನೀತಿಯ ಕೊನೆಯ ಬ್ಯಾಚ್. ಅವರಲ್ಲಿ ನಾಲ್ಕನೇ ವರ್ಷ ಓದುವವರು ಮುಗಿಸುವುದು 2027ರಲ್ಲಿ. 2024-25ರಲ್ಲಿ ಸೇರಿದವರು ಮೂರು ವರ್ಷದ ನೀತಿಯ ಮೊದಲ ಬ್ಯಾಚ್. ಅವರು ಮುಗಿಸುವುದೂ 2027ರಲ್ಲಿ. ಎರಡು ಬಗೆಯ ಬಿಎಸ್ಸಿಯವರು ಒಂದೇ ಬೇಸಿಗೆಯಲ್ಲಿ ಹೊರಬರುತ್ತಾರೆ.

ಆನರ್ಸ್ ಮುಗಿಸಿದವರಿಗೆ ಯುಜಿಸಿ ನಿಯಮದಲ್ಲಿ ಒಂದು ವರ್ಷದ ಎಂಎಸ್ಸಿ ಸಾಕು. 75% ಇದ್ದರೆ ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಮೂರು ವರ್ಷದವರಿಗೆ ಎರಡು ವರ್ಷದ ಎಂಎಸ್ಸಿ. ಒಟ್ಟು ವರ್ಷ ಎಣಿಸಿದರೆ ಇಬ್ಬರಿಗೂ ಎಂಎಸ್ಸಿ ಮುಗಿಯುವ ಹೊತ್ತಿಗೆ ಐದೇ. ಹಾಗಾಗಿ ಎಂಎಸ್ಸಿ ಮಾಡಿಯೇ ಮಾಡುತ್ತೇನೆ ಎನ್ನುವವರಿಗೆ ಮೂರು ವರ್ಷದ ಪದವಿಯಿಂದ ದೊಡ್ಡ ನಷ್ಟವಿಲ್ಲ. ಪದವಿ ಮುಗಿಸಿ ನೇರವಾಗಿ ಸಂಶೋಧನೆಗೆ ಹೋಗಬೇಕು ಎನ್ನುವ ಕೆಲವೇ ಮಂದಿಗೆ ಮಾತ್ರ ರಾಜ್ಯದ ಕಾಲೇಜಿನಲ್ಲಿ ಆ ದಾರಿ ಮುಚ್ಚಿದೆ. ಅಂಥವರು ಈಗಲೇ ಐಸರ್, ಐಐಎಸ್‌ಸಿ ಕಡೆ ನೋಡಬೇಕು.

ನೇಮಕಾತಿ ಅಧಿಸೂಚನೆ ಬರೆಯುವವರ ಮುಂದೆಯೂ ಈಗ ಮೂರು ಬಗೆಯ ಮಾರ್ಕ್ಸ್ ಕಾರ್ಡ್ ಇವೆ: ಹಳೆಯ ಮೂರು ವಿಷಯದ್ದು, ನಡುವಿನ ಮೇಜರ್-ಮೈನರ್‌ದು, ಹೊಸ ಮೂರು ವಿಷಯದ್ದು. ಪ್ರಧಾನ ವಿಷಯ, ಸಮಾನ ತೂಕ ಎಂಬ ಹಳೆಯ ಮಾತುಗಳಿಗೆ ಈ ಮೂರೂ ಒಂದೇ ರೀತಿ ಹೊಂದುವುದಿಲ್ಲ. ದಾಖಲಾತಿ ಪರಿಶೀಲನೆಯ ದಿನ ಟೇಬಲ್ ಆಚೆ ಕೂತವರು ನೋಡುವುದು ಅಚ್ಚಾದ ಮಾರ್ಕ್ಸ್ ಕಾರ್ಡನ್ನು. ಅದರಲ್ಲಿ ಕೊನೆಯ ವರ್ಷ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂದು ನಮೂದಾಗುತ್ತದೆಯೇ ಎಂಬುದನ್ನು ಸೇರುವ ದಿನವೇ ಕಾಲೇಜಿನ ಕಚೇರಿಯಲ್ಲಿ ಕೇಳಿ ಇಟ್ಟುಕೊಳ್ಳಬಹುದು.